ಅಳಿಸುವ ತಾರೀಖು ಫೈಲಿನ ಹೆಸರಲ್ಲೇ ಇರಲಿ: ಉದ್ಯಮಬಾಗದ ಒಂದು ಬ್ಯಾಕಪ್ ಸ್ಕ್ರಿಪ್ಟ್ ರಿಪೇರಿ

ಫೆಬ್ರವರಿಯ 28 ದಿನದ ಫೈಲುಗಳೂ ಇದ್ದವು. ಮಾರ್ಚ್‌ನದು ಒಂದೇ ಒಂದು.

ಇದು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಬ್ಯಾಕಪ್ ಫೋಲ್ಡರ್, 2025ರ ಏಪ್ರಿಲ್‌ನಲ್ಲಿ ಕಂಡ ಹಾಗೆ. ಅಲ್ಲಿ ಕುಲುಮೆಯಿಂದ ಇಳಿಯುವ ಪ್ರತಿ ಪಾಕಕ್ಕೂ ಒಂದು ಹೀಟ್ ನಂಬರ್ ಇರುತ್ತದೆ. ಆ ಹೀಟ್‌ನಲ್ಲಿ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್, ಗಂಧಕ ಎಷ್ಟೆಷ್ಟು ಎಂದು ಸ್ಪೆಕ್ಟ್ರೋಮೀಟರ್ ತೋರಿಸಿದ್ದೆಲ್ಲ ಮರಿಯಾಡಿಬಿ ಡೇಟಾಬೇಸ್‌ಗೆ ಹೋಗುತ್ತದೆ. ಪಂಪಿನ ಕವಚವೋ ವಾಲ್ವ್ ಬಾಡಿಯೋ ಮುಂದೆಂದಾದರೂ ಬಿರುಕು ಬಿಟ್ಟರೆ ಗಿರಾಕಿ ಮೊದಲು ಹೀಟ್ ನಂಬರ್ ಹೇಳಿ ರಿಪೋರ್ಟ್ ಕೇಳುತ್ತಾನೆ. ಹಾಗಾಗಿ ಈ ದಾಖಲೆ ಅವರಿಗೆ ಲೆಕ್ಕದ ಪುಸ್ತಕದಷ್ಟೇ ಮುಖ್ಯ.

"ಸರ, ಮಾರ್ಚ್ ಹದಿನೆಂಟರ ಬ್ಯಾಕಪ್ ಬೇಕಾಗೇದ್ರಿ. ಒಂದು ಹೀಟಿನ ಮ್ಯಾಲ ಇನ್ನೊಂದರ ರೀಡಿಂಗ್ ಕುಂತಾವು" ಎಂದರು ಕ್ವಾಲಿಟಿ ವಿಭಾಗದ ಅಕ್ಕಾರು. ಹದಿನೆಂಟರದೂ ಇರಲಿಲ್ಲ, ಹತ್ತೊಂಬತ್ತರದೂ ಇರಲಿಲ್ಲ. ಪುಣ್ಯಕ್ಕೆ ಸ್ಪೆಕ್ಟ್ರೋಮೀಟರಿನ ಕಾಗದದ ಚೀಟಿಗಳನ್ನು ಅವರು ಫೈಲ್ ಮಾಡಿಟ್ಟಿದ್ದರು. ಅವನ್ನು ನೋಡಿ ಆ ಹೀಟನ್ನು ಸರಿಪಡಿಸಿದರು. ಬ್ಯಾಕಪ್ ಮಾತ್ರ ಬೇಕಾದ ದಿನ ಕೈಕೊಟ್ಟಿತ್ತು. ಅದಕ್ಕೇ ಬ್ಯಾಕಪ್ ತೆಗೆದು ಹಳೆಯದನ್ನು ಅಳಿಸುವ ಹಳೆಯ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್) ತೆರೆದು ಕೂತೆ.

ಒಂದು ಮಾತು ಮೊದಲೇ: ಕೆಳಗೆ ಕಮಾಂಡ್‌ಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಸ್ಕ್ರಿಪ್ಟ್ ಓದುವ ಮೊದಲು ಇಡೀ ಫೋಲ್ಡರ್ ಪಟ್ಟಿ ನೋಡಿದೆ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಹಿಂದಿನ ವರ್ಷದ ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ತಿಂಗಳುಗಳು ಫೆಬ್ರವರಿಯ ಹಾಗೆಯೇ ದಿನದ ಫೈಲುಗಳಿಂದ ತುಂಬಿ ಕೂತಿದ್ದವು. 31 ದಿನದ ತಿಂಗಳುಗಳೆಲ್ಲ ಒಂದೊಂದೇ ಫೈಲಿಗೆ ಇಳಿದಿದ್ದವು. ಗಿಡ್ಡ ತಿಂಗಳು ಪೂರ್ತಿ ಉಳಿದು, ಉದ್ದ ತಿಂಗಳು ಮಾತ್ರ ಖಾಲಿಯಾಗುತ್ತದೆ ಎಂದರೆ ಡಿಸ್ಕ್ ಕೆಟ್ಟಿದೆ ಎನ್ನುವ ಹಾಗಿಲ್ಲ, ಕ್ಯಾಲೆಂಡರ್ ಲೆಕ್ಕವೇ ಕೆಟ್ಟಿದೆ.

ಸ್ಕ್ರಿಪ್ಟಿನ ಉದ್ದೇಶ ಸರಳ. ದಿನವೂ ಒಂದು ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿ. ತಿಂಗಳ ಕೊನೆಯ ದಿನ ಹಿಂದಿನ ತಿಂಗಳ ಫೈಲುಗಳಲ್ಲಿ ಕೊನೆಯದೊಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸುವುದು. ಹಿಂದಿನ ತಿಂಗಳು ಯಾವುದು ಎಂದು ಕೇಳುವ ಸಾಲು ಹೀಗಿತ್ತು:

ಡೇಟ್ -ಡಿ "-1 ಮಂತ್" +%ವೈ-%ಎಂ

ಮಾರ್ಚ್ 31ರಂದು ಇದನ್ನು ಓಡಿಸಿದರೆ ಗ್ನೂ ಡೇಟ್ (ಲಿನಕ್ಸ್‌ನಲ್ಲಿ ತಾರೀಖು ಹೇಳುವ ಕಮಾಂಡ್) ತಿಂಗಳ ಅಂಕಿಯಿಂದ ಒಂದು ಕಳೆಯುತ್ತದೆ: ಫೆಬ್ರವರಿ 31. ಅಂಥ ದಿನವೇ ಇಲ್ಲ. ಆಗ ಅದು ತಪ್ಪು ಎನ್ನುವುದಿಲ್ಲ, ಹೆಚ್ಚಾದ ಮೂರು ದಿನಗಳನ್ನು ಮುಂದಕ್ಕೆ ಉರುಳಿಸಿ ಮಾರ್ಚ್ 3 ಎಂದು ಉತ್ತರ ಕೊಡುತ್ತದೆ. ಅಂದರೆ ಹಿಂದಿನ ತಿಂಗಳು ಎಂದು ಕೇಳಿದರೆ ಬರುವುದು ಇದೇ ತಿಂಗಳು. ಸ್ಕ್ರಿಪ್ಟ್ ಫೆಬ್ರವರಿಯನ್ನು ಮುಟ್ಟದೆ, ಆಗಷ್ಟೇ ಮುಗಿಯುತ್ತಿದ್ದ ಮಾರ್ಚ್‌ನ್ನು ಗುಡಿಸಿತು. ಮೇ 31, ಜುಲೈ 31, ಅಕ್ಟೋಬರ್ 31, ಡಿಸೆಂಬರ್ 31ರಂದೂ ಇದೇ ಕಥೆ, ಏಕೆಂದರೆ ಅವುಗಳ ಹಿಂದಿನ ತಿಂಗಳಿಗೆ 30 ದಿನ ಮಾತ್ರ. ಜನವರಿ 31 ಮತ್ತು ಆಗಸ್ಟ್ 31 ಮಾತ್ರ ಬಚಾವು: ಅವುಗಳ ಹಿಂದಿನ ಡಿಸೆಂಬರ್‌ಗೂ ಜುಲೈಗೂ 31 ದಿನ ಇವೆ.

ಗ್ನೂ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. 2003ರ ಜುಲೈ 31ರಿಂದ ಒಂದು ತಿಂಗಳು ಕಳೆದರೆ ಜುಲೈ 1 ಬರಬಹುದು ಎಂಬ ಉದಾಹರಣೆಯನ್ನೂ ಅದು ಕೊಡುತ್ತದೆ. ತಿಂಗಳ ಹೆಸರಷ್ಟೇ ಬೇಕಿದ್ದರೆ 15ನೇ ತಾರೀಖಿನಿಂದ ಲೆಕ್ಕ ಹಾಕಿ ಎನ್ನುತ್ತದೆ. ಮುಂದಕ್ಕೆ ಎಣಿಸಿದರೂ ಇದೇ ತೊಂದರೆ: 2025ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 3, 2024ರ ಫೆಬ್ರವರಿ 29ಕ್ಕೆ ಒಂದು ವರ್ಷ ಕೂಡಿಸಿದರೆ 2025ರ ಮಾರ್ಚ್ 1. ಮ್ಯಾಕ್‌ನಲ್ಲಿರುವ ಬಿಎಸ್‌ಡಿ ಡೇಟ್ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ -ವಿ ಆಯ್ಕೆಯಿಂದ ತಿಂಗಳು ಕೂಡಿಸಿದರೆ ಉತ್ತರ ಫೆಬ್ರವರಿಯ ಕೊನೆಯ ದಿನಕ್ಕೆ ನಿಲ್ಲುತ್ತದೆ. ಒಂದೇ ಪ್ರಶ್ನೆಗೆ ಎರಡು ಯಂತ್ರ ಎರಡು ಉತ್ತರ ಕೊಡುವಾಗ, ಅಳಿಸುವ ಕೆಲಸವನ್ನು ಆ ಲೆಕ್ಕದ ಮೇಲೆ ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಲಾಗ್ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾಕಪ್ ಆದ ಹೊತ್ತು ಎಲ್ಲ ಕಡೆ 20:45 ಎಂದಿತ್ತು. ಆ ಹೊತ್ತಿಗೆ ಅಲ್ಲಿ ತಾನಾಗಿ ಓಡುವ ಯಾವ ಜಾಬ್ ಕೂಡ ಇಲ್ಲ. ಬ್ಯಾಕಪ್ ಓಡುವುದು ನಸುಕಿನ 2:15ಕ್ಕೆ. ಡೆಬಿಯನ್ ಲಿನಕ್ಸ್ ಇರುವ ಆ ಸರ್ವರ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ, ಆದ್ದರಿಂದ ಬೆಳಗಿನ 5:30ರ ತನಕ ಸರ್ವರ್‌ಗೆ ಇನ್ನೂ ನಿನ್ನೆಯೇ. ಆ ಹೊತ್ತಿನ ಡಂಪ್‌ನಲ್ಲಿರುವುದು ಹೇಗೂ ನಿನ್ನೆಯ ಕೆಲಸ, ಹಾಗಾಗಿ ಹೆಸರು ಸರಿಯಿದ್ದಂತೆಯೇ ಕಂಡು ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ. ಯಾರಾದರೂ ಜಾಬ್‌ನ್ನು ಬೆಳಿಗ್ಗೆ ಆರಕ್ಕೆ ಸರಿಸಿದ್ದರೆ ಹೆಸರುಗಳೆಲ್ಲ ಒಂದು ದಿನ ಜಿಗಿದುಬಿಡುತ್ತಿದ್ದವು.

ಪೆನ್‌ಡ್ರೈವ್‌ಗೆ ಹೋಗುವ ವಾರದ ಪ್ರತಿಗಳನ್ನು ಇನ್ನೊಂದು ಸಾಲು ನೋಡಿಕೊಳ್ಳುತ್ತಿತ್ತು: ಫೈಲ್ ಹುಡುಕುವ ಕಮಾಂಡ್ ಆದ ಫೈಂಡ್‌ಗೆ -ಎಂಟೈಮ್ +35 ಕೊಟ್ಟು ಡಿಲೀಟ್. +35 ಎಂದರೆ 35 ದಿನ ದಾಟಿದ್ದು ಎಂದು ಅನಿಸುತ್ತದೆ. ಫೈಂಡ್ ವಯಸ್ಸನ್ನು 24 ಗಂಟೆಯ ಗುಂಪುಗಳಾಗಿ ಎಣಿಸಿ ಉಳಿಕೆ ಬಿಟ್ಟುಬಿಡುವುದರಿಂದ, 36 ದಿನ ತುಂಬಿದ ಮೇಲಷ್ಟೇ ಫೈಲ್ ಸಿಗುತ್ತದೆ. ಇದು ಚಿಕ್ಕ ವ್ಯತ್ಯಾಸ, ಹೋಗಲಿ. ದೊಡ್ಡ ತೊಂದರೆ ಎಂದರೆ ಫೈಂಡ್ ಎಣಿಸುವ ಸಮಯ ಬ್ಯಾಕಪ್ ಹುಟ್ಟಿದ್ದಲ್ಲ, ಫೈಲನ್ನು ಕೊನೆಯ ಬಾರಿ ಬರೆದದ್ದು. ಡಿಸ್ಕ್ ಬದಲಿಸುವಾಗ ಸಮಯ ಉಳಿಸುವ ಆಯ್ಕೆ ಇಲ್ಲದೆ ಕಾಪಿ ಮಾಡಿದರೆ ಹಳೆಯ ಬ್ಯಾಕಪ್‌ಗಳೆಲ್ಲ ಅಂದೇ ಹುಟ್ಟಿದ ಕೂಸುಗಳಾಗುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ಹಳೆಯ ಸಾಲುಗಳಿಗೆ ತೇಪೆ ಹಾಕುವುದನ್ನು ಬಿಟ್ಟೆ. ಫೌಂಡ್ರಿಯಲ್ಲಿ ಹೀಟ್ ನಂಬರನ್ನು ಪಾಕ ಹೊಯ್ಯುವ ಮೊದಲೇ ಅಚ್ಚಿನಲ್ಲಿ ಕೂರಿಸುತ್ತಾರೆ. ತಣ್ಣಗಾದ ಮೇಲೆ ಯಾವ ಎರಕ ಯಾವ ಹೀಟಿನದು ಎಂದು ಯಾರೂ ಊಹಿಸುವುದಿಲ್ಲ. ಬ್ಯಾಕಪ್‌ಗೂ ಹಾಗೇ ಮಾಡಬೇಕು ಎನಿಸಿತು. ಫೈಲ್ ಹುಟ್ಟುವಾಗಲೇ ಅದನ್ನು ಎಲ್ಲಿಯ ತನಕ ಇಡಬೇಕು ಎಂದು ಒಮ್ಮೆ ಲೆಕ್ಕ ಹಾಕಿ ಹೆಸರಿನಲ್ಲಿ ಬರೆಯುವುದು. ಅಳಿಸುವ ಸ್ಕ್ರಿಪ್ಟ್ ಯಾವ ಲೆಕ್ಕವನ್ನೂ ಮಾಡಬಾರದು, ಎರಡು ಅಂಕಿಗಳನ್ನು ಹೋಲಿಸಬೇಕು ಅಷ್ಟೇ. ಹೆಸರು ಹೀಗಾಯಿತು:

ಹೀಟ್_20250318_ತನಕ_20250422.ಎಸ್‌ಕ್ಯೂಎಲ್.ಜಿಝಡ್

ಮೊದಲ ಎಂಟು ಅಂಕಿ ಕೆಲಸದ ದಿನ, ಕೊನೆಯ ಎಂಟು ಅಂಕಿ ಇಡಬೇಕಾದ ಕೊನೆಯ ದಿನ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿದ್ದರೆ ಅಕ್ಷರಕ್ರಮವೂ ಕಾಲಕ್ರಮವೂ ಒಂದೇ, ದೊಡ್ಡ ಅಂಕಿ ಎಂದರೆ ನಂತರದ ದಿನ. ಲೆಕ್ಕದಲ್ಲಿ ತಪ್ಪಿದ್ದರೆ ಅದು 35 ದಿನ ಮೊದಲೇ ಎಲ್ಲರ ಕಣ್ಣೆದುರಿಗೆ ಬಂದು ಕೂರುತ್ತದೆ. ಹಳೆಯ ಸ್ಕ್ರಿಪ್ಟ್‌ನಲ್ಲಿ ತಪ್ಪು ಗೊತ್ತಾಗುತ್ತಿದ್ದುದು ಅಳಿಸಿದ ಮೇಲೆ. ಇಡೀ ರಿಪೇರಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ಬ್ಯಾಕಪ್ ತೆಗೆಯುವ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ, ಯಾವ ಊರಿನ ಸಮಯ ಎಂದು ಹೇಳುವ ಟಿಝಡ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತಾ ಎಂದು ಕೊಟ್ಟೆ. ಎರಡನೆಯ ಸಾಲಿನಲ್ಲಿ ಈಗಿನ ಕ್ಷಣವನ್ನು ಸೆಕೆಂಡುಗಳಲ್ಲಿ ಒಮ್ಮೆ ಮಾತ್ರ ಕೇಳಿ ಇಟ್ಟುಕೊಳ್ಳುತ್ತದೆ. ಮುಂದಿನ ಎಲ್ಲ ತಾರೀಖುಗಳೂ ಆ ಅಂಕಿಯಿಂದಲೇ ಬರುತ್ತವೆ. ಹಳೆಯದು ಡೇಟ್‌ನ್ನು ಅಲ್ಲಲ್ಲಿ ಮತ್ತೆ ಮತ್ತೆ ಕರೆಯುತ್ತಿತ್ತು. ನಡುವೆ ಮಧ್ಯರಾತ್ರಿ ದಾಟಿದರೆ ಒಂದೇ ಓಟದಲ್ಲಿ ಎರಡು ದಿನ ಹುಟ್ಟುತ್ತವೆ. ಕೆಲಸದ ದಿನ ಎಂದರೆ ಓಟದ ಹಿಂದಿನ ದಿನ ಎಂದು ಸ್ಪಷ್ಟವಾಗಿ ಬರೆದೆ, ಯುಟಿಸಿಯ ಆಕಸ್ಮಿಕಕ್ಕೆ ಬಿಡಲಿಲ್ಲ.

ದಿನದ ಫೈಲಿಗೆ ಕೆಲಸದ ದಿನಕ್ಕೆ 35 ದಿನ ಕೂಡಿಸಿದರಾಯಿತು. ದಿನಗಳನ್ನು ಕೂಡಿಸುವುದರಲ್ಲಿ ತಿಂಗಳಿನಂಥ ಗೊಂದಲ ಇಲ್ಲ. ಒಂದು ಗುಂಡಿ ಮಾತ್ರ ಇದೆ, ತಾರೀಖಿನ ಜೊತೆ ಗಂಟೆಯನ್ನೂ ಬರೆದರೆ ಬೀಳುವಂಥದ್ದು:

ಡೇಟ್ -ಡಿ "2025-03-31 10:00 +2 ಡೇಸ್"

ಎರಡು ದಿನ ಮುಂದೆ, ಏಪ್ರಿಲ್ 2 ಎಂದುಕೊಳ್ಳುತ್ತೇವೆ. ಗಂಟೆಯ ಪಕ್ಕದಲ್ಲೇ ಇರುವ +2 ಅನ್ನು ಗ್ನೂ ಡೇಟ್ ಟೈಮ್ ಝೋನ್ ಎಂದು ಓದುತ್ತದೆ. ಉಳಿದ 'ಡೇಸ್' ಅದಕ್ಕೆ ಒಂದು ದಿನ ಎಂದಷ್ಟೇ ಅರ್ಥ. ನಮ್ಮ ಸಮಯದಲ್ಲಿ ಉತ್ತರ ಏಪ್ರಿಲ್ 1, ಮಧ್ಯಾಹ್ನ 1:30. ಯಾವ ಎರರ್ ಕೂಡ ಬರುವುದಿಲ್ಲ. ಅದಕ್ಕೆ ಗಂಟೆ ಬಿಟ್ಟು ತಾರೀಖನ್ನು ಮಾತ್ರ ಕೊಡುತ್ತೇನೆ.

ತಿಂಗಳ ಫೈಲನ್ನು 13 ತಿಂಗಳು ಇಡಬೇಕು. ಇಲ್ಲಿ ನಿಯಮ ಒಂದೇ: ತಿಂಗಳು ಕೂಡಿಸುವ ಮೊದಲು ಒಂದನೇ ತಾರೀಖಿಗೆ ಬಂದು ನಿಲ್ಲಬೇಕು. ಒಂದನೇ ತಾರೀಖು ಇಲ್ಲದ ತಿಂಗಳಿಲ್ಲ. ಮೇ 1ರ ನಸುಕಿನಲ್ಲಿ ಏಪ್ರಿಲ್‌ನ ತಿಂಗಳ ಫೈಲ್ ಹುಟ್ಟುವಾಗ:

ಡೇಟ್ -ಡಿ "2025-05-01 +13 ಮಂತ್ಸ್ -1 ಡೇ" +%ವೈ%ಎಂ%ಡಿ

ಉತ್ತರ 20260531. ಕೊನೆಯ ದಿನ 28ರದೋ 30ರದೋ 31ರದೋ ಎಂದು ನಾವು ಯೋಚಿಸಬೇಕಿಲ್ಲ, ಮುಂದಿನ ತಿಂಗಳ ಒಂದರಿಂದ ಒಂದು ದಿನ ಹಿಂದೆ ಬಂದರೆ ಅದೇ ಸಿಗುತ್ತದೆ. ಇಂದು ತಿಂಗಳ ಮೊದಲ ದಿನವೇ ಎಂದು ಕೇಳುವುದನ್ನೂ ಕೈಬಿಟ್ಟೆ. ಮಳೆಗಾಲದಲ್ಲಿ ಒಂದನೇ ತಾರೀಖಿನ ರಾತ್ರಿಯೇ ಕರೆಂಟ್ ಹೋಗಿ ಯುಪಿಎಸ್ ಕೂಡ ಕೂತುಬಿಟ್ಟರೆ ಆ ತಿಂಗಳ ಫೈಲೇ ಹುಟ್ಟುವುದಿಲ್ಲ. ಈಗ ಸ್ಕ್ರಿಪ್ಟ್ ಕೇಳುವುದು: ಹಿಂದಿನ ತಿಂಗಳ ಫೈಲ್ ಇದೆಯೇ? ಇಲ್ಲದಿದ್ದರೆ ಇವತ್ತಿನ ಓಟವೇ ಅದನ್ನು ಮಾಡುತ್ತದೆ.

ವರ್ಷದ ಫೈಲಿನ ಗಡುವು ಕಾನೂನಿನಿಂದ ಬರುತ್ತದೆ. 2017ರ ಸಿಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. 2024-25ರ ವರ್ಷಕ್ಕೆ ಆ ಕೊನೆಯ ದಿನ 2025ರ ಡಿಸೆಂಬರ್ 31; ಅಲ್ಲಿಂದ 72 ತಿಂಗಳು ಎಂದರೆ 2031ರ ಡಿಸೆಂಬರ್ 31. ಕೊನೆಯ ದಿನವನ್ನೇ ಸರ್ಕಾರ ಮುಂದೂಡುವುದುಂಟು, 2017-18ರ ರಿಟರ್ನ್‌ಗೆ ಹಲವು ಸಲ ಮುಂದೂಡಿತ್ತು. ಅದಕ್ಕಾಗಿ ಮೂರು ತಿಂಗಳು ಹೆಚ್ಚು ಹಿಡಿದು, ವರ್ಷ ಮುಗಿದ ಮಾರ್ಚ್ 31ಕ್ಕೆ ಸರಿಯಾಗಿ ಏಳು ವರ್ಷ ಎಂದು ಇಟ್ಟೆ: 20320331. ಇದಕ್ಕೆ ಡೇಟ್ ಕಮಾಂಡೇ ಬೇಡ, ವರ್ಷದ ಅಂಕಿಗೆ ಏಳು ಕೂಡಿಸಿ ಹಿಂದೆ 0331 ಅಂಟಿಸಿದರೆ ಮುಗಿಯಿತು. ಟ್ಯಾಲಿ ಫೋಲ್ಡರ್‌ಗೂ ಇದೇ ಗಡುವು. ಆಡಿಟ್ ಮುಗಿಯುವ ತನಕ ಹಳೆಯ ವರ್ಷಕ್ಕೆ ಎಂಟ್ರಿಗಳು ಬೀಳುತ್ತಲೇ ಇರುವುದರಿಂದ, ಆಡಿಟ್ ಆದ ಮೇಲೆ ಅಕೌಂಟೆಂಟ್ ತಾವೇ ಒತ್ತಿ ಇನ್ನೊಂದು ವರ್ಷದ ಪ್ರತಿ ತೆಗೆಯುವಂತೆ ಒಂದು ಐಕಾನ್ ಮಾಡಿಕೊಟ್ಟಿದ್ದೇನೆ.

ಅಪೀಲು ನಡೆಯುತ್ತಿದ್ದರೆ ಅದೇ ಕಲಂ ಇನ್ನೂ ಹೆಚ್ಚು ಕಾಲ ಇಡಲು ಹೇಳುತ್ತದೆ: ತೀರ್ಪಾದ ಮೇಲೆ ಒಂದು ವರ್ಷ, ಅಥವಾ ಮೊದಲಿನ ಗಡುವು, ಯಾವುದು ತಡವೋ ಅದು. ತೀರ್ಪಿನ ದಿನವನ್ನು ಯಾವ ಸ್ಕ್ರಿಪ್ಟೂ ಲೆಕ್ಕ ಹಾಕಲಾರದು. ಹಾಗಾಗಿ ಫೋಲ್ಡರ್‌ನಲ್ಲಿ 'ತಡೆ' ಎಂಬ ಹೆಸರಿನ ಖಾಲಿ ಫೈಲ್ ಇದ್ದರೆ ಅಲ್ಲಿ ಏನನ್ನೂ ಮುಟ್ಟಬಾರದು ಎಂದು ಬರೆದೆ.

ಲೆಕ್ಕದ ಭಾಗದಲ್ಲಿ ಇನ್ನೆರಡು ಸಣ್ಣ ಮುಳ್ಳುಗಳಿದ್ದವು. ಆಗಸ್ಟ್, ಸೆಪ್ಟೆಂಬರ್‌ನ ಲಾಗ್‌ಗಳಲ್ಲಿ ಮಾತ್ರ ಒಂದು ಎರರ್ ಇತ್ತು. ಬ್ಯಾಶ್‌ನ ಅಂಕಗಣಿತದಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಎಂದರೆ ಆಕ್ಟಲ್, ಅಂದರೆ ಎಂಟರ ಲೆಕ್ಕ. ಅದರಲ್ಲಿ 8, 9 ಇಲ್ಲವೇ ಇಲ್ಲ. 07ರ ತನಕ ಸುಮ್ಮನಿದ್ದು 08ಕ್ಕೆ ಜಗಳ ತೆಗೆಯುತ್ತದೆ. ಮುಂದೆ 10# ಸೇರಿಸಿದರೆ ಹತ್ತರ ಲೆಕ್ಕದಲ್ಲೇ ಓದುತ್ತದೆ. ಎಂಟಂಕಿಯ ಪೂರ್ತಿ ತಾರೀಖು 2ರಿಂದ ಶುರುವಾಗುವುದರಿಂದ ಹೊಸ ಸ್ಕ್ರಿಪ್ಟಿಗೆ ಈ ಕಾಟ ಇಲ್ಲ. ಇನ್ನೊಂದು, ಡೇಟ್ ಕಮಾಂಡನ್ನು ನೇರವಾಗಿ, ಯಾವ ಕೆಲಸ ಯಾವ ಹೊತ್ತಿಗೆ ಎಂದು ಬರೆಯುವ ಕ್ರಾನ್‌ಟ್ಯಾಬ್‌ನಲ್ಲಿ ಬರೆದರೆ ಪರ್ಸೆಂಟ್ ಗುರುತನ್ನು ಕ್ರಾನ್ ಹೊಸ ಸಾಲು ಎಂದು ತಿಳಿಯುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಇಲ್ಲವೇ ಎಲ್ಲವನ್ನೂ ಸ್ಕ್ರಿಪ್ಟ್ ಒಳಗೇ ಇಟ್ಟುಬಿಡಬೇಕು.

ಅಳಿಸುವ ಕೆಲಸ ನಡೆಯುವುದು ನ್ಯಾಸ್ ಪೆಟ್ಟಿಗೆಯ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಮೇಲೆ. ಅದು ಹಳೆಯದು, 32 ಬಿಟ್‌ನದು, ಒಳಗೆ ಬಿಝಿಬಾಕ್ಸ್ ಎಂಬ ಚಿಕ್ಕ ಕಮಾಂಡ್‌ಗಳ ಕಟ್ಟು. ಅಲ್ಲಿಯ ಡೇಟ್‌ಗೆ "+35 ಡೇಸ್" ಎಂಬ ಮಾತೇ ತಿಳಿಯುವುದಿಲ್ಲ. ಹೊಸ ಏರ್ಪಾಟಿನಲ್ಲಿ ಅದು ತಿಳಿಯಬೇಕಾದ ಅಗತ್ಯವೂ ಇಲ್ಲ, ಇವತ್ತು ಯಾವ ದಿನ ಎಂದು ಎಂಟಂಕಿಯಲ್ಲಿ ಹೇಳಿದರೆ ಸಾಕು. ಸ್ಕ್ರಿಪ್ಟ್ ಪ್ರತಿ ಫೈಲಿನ ಹೆಸರಿನಲ್ಲಿ 'ತನಕ' ಆದ ಮೇಲಿನ ಭಾಗ ತೆಗೆದು, ಚುಕ್ಕಿಯಿಂದ ಮುಂದಿನದನ್ನು ಕತ್ತರಿಸುತ್ತದೆ. ಉಳಿದದ್ದು ಸರಿಯಾಗಿ ಎಂಟು ಅಂಕಿ ಇಲ್ಲದಿದ್ದರೆ ಆ ಫೈಲನ್ನು ಬಿಟ್ಟು ಲಾಗ್‌ನಲ್ಲಿ ದೂರು ಬರೆಯುತ್ತದೆ. ಇವತ್ತಿನ ಅಂಕಿ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಫೈಲ್ 'ಕಸ' ಫೋಲ್ಡರ್‌ಗೆ ಹೋಗುತ್ತದೆ. ಕಸ ಖಾಲಿ ಮಾಡುವುದು ತಿಂಗಳಿಗೊಮ್ಮೆ, ಮನುಷ್ಯರ ಕೈಯಿಂದ. ಡಂಪ್‌ಗಳು ಚಿಕ್ಕವು, ಆ ಜಾಗದ ಖರ್ಚು ಏನೇನೂ ಅಲ್ಲ.

ಹೋಲಿಕೆ ಮಾತ್ರ ಮಾಡಿದರೂ ಒಂದು ಅಪಾಯ ಉಳಿಯುತ್ತದೆ: ಇವತ್ತಿನ ತಾರೀಖೇ ಸುಳ್ಳಾದರೆ? ಹಳೆಯ ಪೆಟ್ಟಿಗೆಯ ಗಡಿಯಾರದ ಸೆಲ್ ಸತ್ತು ಅದು ಹಿಂದಿನ ಯಾವುದೋ ವರ್ಷಕ್ಕೆ ಹೋದರೆ ಏನೂ ಅಳಿಯುವುದಿಲ್ಲ, ಚಿಂತೆಯಿಲ್ಲ. ಯಾರೋ ಕೈಯಿಂದ ಸೆಟ್ ಮಾಡುವಾಗ ವರ್ಷ ಮುಂದೆ ಹೋದರೆ ಎಲ್ಲವೂ ಒಂದೇ ರಾತ್ರಿಯಲ್ಲಿ ಗಡುವು ಮೀರುತ್ತದೆ. ಅದಕ್ಕೆ ಎರಡು ಕಾವಲು ಹಾಕಿದೆ. ಸರ್ವರ್ ಪ್ರತಿ ಬ್ಯಾಕಪ್ ಕಳಿಸುವಾಗ, ಈ ತಾರೀಖಿನ ಮುಂದಿನ ವಾರದ ತನಕ ಮಾತ್ರ ಅಳಿಸಬಹುದು ಎಂಬ ಎಂಟಂಕಿಯ ಗಡಿಯನ್ನು ಜೊತೆಗಿಟ್ಟು ಕಳಿಸುತ್ತದೆ. ನ್ಯಾಸ್‌ನ ಇವತ್ತು ಆ ಗಡಿ ದಾಟಿದ್ದರೆ ಅಳಿಸುವ ಓಟ ಅಲ್ಲೇ ನಿಲ್ಲುತ್ತದೆ. ಈ ಗಡಿಯೂ ಮುಂದಿನ ತಾರೀಖೇ, ಅದರ ಲೆಕ್ಕವೂ ಸರ್ವರ್ ಕಡೆಯದೇ. ಬ್ಯಾಕಪ್ ಬರುವುದೇ ನಿಂತುಹೋದಾಗಲೂ ಇದು ಕಾಯುತ್ತದೆ, ಹೊಸದು ಬಾರದಿದ್ದರೆ ಹಳೆಯದೂ ಹೋಗುವುದಿಲ್ಲ. ಎರಡನೆಯ ಕಾವಲು, ದಿನದ ಫೈಲುಗಳು 20ಕ್ಕಿಂತ ಕಡಿಮೆಯಾಗುವಂತಿದ್ದರೆ ಯಾವುದನ್ನೂ ಮುಟ್ಟದಿರುವುದು.

ರೆಸ್ಟಿಕ್ ಎಂಬ ಸಿದ್ಧ ಬ್ಯಾಕಪ್ ಉಪಕರಣ ಯಾಕೆ ಬೇಡ ಎಂದು ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಉಪಕರಣವೇ. ಅದರ ಕೀಪ್-ಡೈಲಿ ಆಯ್ಕೆ ಬ್ಯಾಕಪ್ ಇರುವ ದಿನಗಳನ್ನೇ ಎಣಿಸುವುದರಿಂದ ಮೇಲೆ ಹೇಳಿದ ನಿಂತುಹೋಗುವ ಅಪಾಯವೂ ಅದಕ್ಕಿಲ್ಲ. ಇಲ್ಲಿ ಆದರೆ ಆಡಿಟರ್‌ಗೂ ಮಾಲೀಕರಿಗೂ ಫೋಲ್ಡರ್ ತೆರೆದೊಡನೆ ಯಾವುದು ಎಲ್ಲಿಯ ತನಕ ಇರುತ್ತದೆ ಎಂದು ಕಣ್ಣಿಗೆ ಕಾಣಬೇಕಿತ್ತು.

ವರ್ಷದ ಫೈಲಿನ ಒಂದು ಪ್ರತಿ ಆಬ್ಜೆಕ್ಟ್ ಲಾಕ್ (ಹೇಳಿದ ದಿನದ ತನಕ ಅಳಿಸಲು ಬಿಡದ ಬೀಗ) ಇರುವ ಕ್ಲೌಡ್ ಬಕೆಟ್‌ಗೂ ಹೋಗುತ್ತದೆ. ಅಲ್ಲಿ ಅಳಿಸಬಾರದ ಕೊನೆಯ ಕ್ಷಣವನ್ನು ಗಂಟೆ ಸಮೇತ ಕೊಡಬೇಕು, ನಾವು ಕೊಡುವುದು ಯುಟಿಸಿಯಲ್ಲಿ. ನಮ್ಮ 2032ರ ಮಾರ್ಚ್ 31ರ ರಾತ್ರಿ 23:59:59 ಅಲ್ಲಿ 18:29:59. ಕಂಪ್ಲಾಯನ್ಸ್ ಮೋಡ್‌ನಲ್ಲಿ ಒಮ್ಮೆ ಹಾಕಿದ ತಾರೀಖನ್ನು ರೂಟ್ ಅಕೌಂಟ್ ಕೂಡ ಹಿಂದಕ್ಕೆ ತರಲಾರದು; 2032ರ ಬದಲು 2052 ಎಂದು ಬಿದ್ದರೆ ಅಷ್ಟು ವರ್ಷವೂ ಜಾಗದ ಬಾಡಿಗೆ ಕಟ್ಟಬೇಕು. ಹಾಗಾಗಿ ಸದ್ಯಕ್ಕೆ ಗವರ್ನೆನ್ಸ್ ಮೋಡ್‌ನಲ್ಲೇ ಇದೆ, ಅಲ್ಲಿ ಅನುಮತಿ ಇದ್ದವರು ಸರಿಪಡಿಸಬಹುದು.

ಪರೀಕ್ಷೆಯನ್ನು ನಿಜವಾದ ಫೈಲುಗಳ ಮೇಲೆ ಮಾಡಲಿಲ್ಲ. ಬೇರೆ ಫೋಲ್ಡರ್‌ನಲ್ಲಿ ಟಚ್ ಕಮಾಂಡ್‌ನಿಂದ ಅದೇ ಹೆಸರಿನ ಖಾಲಿ ಫೈಲುಗಳನ್ನು ಮಾಡಿ, ಫೇಕ್‌ಟೈಮ್ ಎಂಬ ಉಪಕರಣದಿಂದ ಸ್ಕ್ರಿಪ್ಟಿಗೆ ಬೇಕಾದ ದಿನ ತೋರಿಸಿದೆ: 2026ರ ಮಾರ್ಚ್ 31, ಮೇ 31, ವರ್ಷದ ಕೊನೆಯ ರಾತ್ರಿ, 2028ರ ಫೆಬ್ರವರಿ 29. ಅದಾದ ಮೇಲೆ 2024ರ ಜನವರಿ 1ರಿಂದ 2032ರ ಡಿಸೆಂಬರ್ 31ರ ತನಕ ಒಂದೊಂದೇ ದಿನ ಮುಂದೆ ಹೋಗುವ ಲೂಪ್ ಓಡಿಸಿ, ಪ್ರತಿ ದಿನಕ್ಕೂ ಬರುವ 'ತನಕ' ತಾರೀಖನ್ನು ಒಂದು ಪಟ್ಟಿಗೆ ಬರೆಸಿದೆ. ತಿಂಗಳ ಫೈಲಿನ ಎಲ್ಲ ಉತ್ತರಗಳೂ ತಿಂಗಳ ಕೊನೆಯ ದಿನಕ್ಕೇ ಬಿದ್ದವು. ಯಾವುದೇ ದಿನದ ಉತ್ತರ ಅದರ ಹಿಂದಿನ ದಿನದ ಉತ್ತರಕ್ಕಿಂತ ಚಿಕ್ಕದಾಗಲಿಲ್ಲ. ನಿಮ್ಮ ಸ್ಕ್ರಿಪ್ಟ್ ಯಾವುದೇ ಇರಲಿ, ಈ ಲೂಪ್ ಒಂದನ್ನು ಓಡಿಸಿ ನೋಡಿ. ಬರೆಯಲು ನಾಲ್ಕು ಸಾಲು ಸಾಕು, ಮಾರ್ಚ್ 31ಕ್ಕಾಗಿ ಕಾಯಬೇಕಿಲ್ಲ.

ಮುಂದಿನ ಕೆಲಸ ಆ ನ್ಯಾಸ್‌ನದು. ಸೆಕೆಂಡುಗಳನ್ನು ಎಣಿಸುವ ಅದರ 32 ಬಿಟ್‌ನ ಗಡಿಯಾರ 2038ರ ಜನವರಿ 19ರಂದು ನಮ್ಮ ಸಮಯ ಬೆಳಿಗ್ಗೆ 8:44:07ಕ್ಕೆ ತುಂಬಿಹೋಗುತ್ತದೆ. 2031ರ ಮಾರ್ಚ್ 31ರ ವರ್ಷದ ಫೈಲಿಗೆ ಬರುವ ಗಡುವು 20380331, ಆ ಕ್ಷಣದ ಆಚೆಗಿನದು. ಎಂಟಂಕಿಯ ಹೋಲಿಕೆಗೆ ಇದರಿಂದ ತೊಂದರೆ ಇಲ್ಲ, 32 ಬಿಟ್‌ನಲ್ಲಿ 214 ಕೋಟಿಯ ತನಕ ಅಂಕಿ ಹಿಡಿಯುತ್ತದೆ, 20380331 ಎಂದರೆ ಬರೀ ಎರಡು ಕೋಟಿ ಚಿಲ್ಲರೆ. ಆದರೂ ಆ ಪೆಟ್ಟಿಗೆಯನ್ನು ಅಲ್ಲಿಯ ತನಕ ಓಡಿಸುವ ಯೋಚನೆ ಇಲ್ಲ. ಹೊಸದು ಬಂದಾಗ ಫೈಲುಗಳನ್ನು ಹೇಗೆ ಕಾಪಿ ಮಾಡಿದರೂ ನಡೆಯುತ್ತದೆ, ಗಡುವು ಹೆಸರಿನೊಳಗೇ ಇದೆ. ಹಳೆಯ ಫೆಬ್ರವರಿ, ಏಪ್ರಿಲ್, ಜೂನ್‌ನ ಫೈಲುಗಳಿಗೆ ಈ ವಾರ 'ತನಕ' ಸೇರಿಸಿ ಹೆಸರು ಬದಲಿಸುತ್ತಿದ್ದೇನೆ. ತಿಂಗಳಿಗೊಂದು ಉಳಿಸಿ ಮಿಕ್ಕವಕ್ಕೆ ಮೂರು ತಿಂಗಳ ಗಡುವು ಕೊಟ್ಟಿದ್ದೇನೆ, ಅಷ್ಟರೊಳಗೆ ಕ್ವಾಲಿಟಿಯವರು ತಮಗೆ ಬೇಕಾದ ಹೀಟ್‌ಗಳನ್ನು ನೋಡಿಕೊಳ್ಳುತ್ತಾರೆ.